ಅಂಕಲ್‌ ಅವರ ಎರಡು ರೈಫಲ್‌ಗಳು

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುವಾಗ ಆ ವಾಸನೆ ಮೂಗಿಗೆ ಬಡಿಯಿತು. ಅಮೆರಿಕದ ನಾರ್ತ್‌ವಿಲ್‌ನ ನಮ್ಮ ಪಕ್ಕದ ಮನೆಯ ಅಂಕಲ್ ನೆನಪಾದರು... ಅವರ ಗರಾಜಿನ ತುಂಬ ಇದೇ ವಾಸನೆ.

ಬಾಗಲಕೋಟೆ ಕಡೆಯವರು. ವಿಕ್ಸಮ್‌ನ ಕಾರ್ಖಾನೆಯೊಂದರಲ್ಲಿ ಎಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ಭಾನುವಾರ ರೇಂಜಿಗೆ ಹೋಗಿ ಗುರಿಗೆ ಗುಂಡು ಹೊಡೆಯುವುದೊಂದೇ ಅವರ ಶೋಕಿ. ಮೈಸೂರಿನ ಪುಕ್ಕಲಿ ನಾನು, ಅವರ ಎರಡು ಸೆಮಿ ಆಟೊಮ್ಯಾಟಿಕ್ ರೈಫಲ್‌ಗಳನ್ನು ಮೊದಲು ಕಂಡಾಗ ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ಮಹಾನವಮಿಯಂದು ನಾವು ಕಾರು ತೊಳೆದು ಕುಂಕುಮ ಇಟ್ಟರೆ, ಅವರು ಖಂಡೇಪೂಜೆ ಎಂದು ಹಳೆಯ ಪಂಚೆ ಹಾಸಿ ಎರಡನ್ನೂ ಬಿಚ್ಚಿ ಒರೆಸುತ್ತಿದ್ದರು. ದೊಡ್ಡದಕ್ಕೆ ಎರಡು ಪಿನ್ನು ತಳ್ಳಿದರೆ ಸಾಕು, ತೆರೆದುಕೊಳ್ಳುತ್ತಿತ್ತು. ಚಿಕ್ಕದು ಮಹಾ ಹಟಮಾರಿ. ಒಳಗಿನ ಒಂದು ತುಂಡು ಕೂದಲೆಳೆಯಷ್ಟು ಸರಿದಿದ್ದರೂ ಮತ್ತೆ ಕೂಡುತ್ತಿರಲಿಲ್ಲ. ಅವರಿಗೆ ಅದರ ಮೇಲೇ ಪ್ರೀತಿ. ದೊಡ್ಡದನ್ನು ನಿನ್ನಂಥವಳೂ ಬಿಚ್ಚಬಹುದು, ಇದಕ್ಕೆ ತಲೆ ಬೇಕು ಎಂದು ಛೇಡಿಸುತ್ತಿದ್ದರು.

ಒಂದು ವರ್ಷದ ಮಹಾನವಮಿಗೆ ಆ ಹಟಮಾರಿಯನ್ನು ಮುಟ್ಟಲಿಲ್ಲ. ಸುಲಭದ್ದನ್ನೇ ಬಿಚ್ಚಿದರು, ಒರೆಸಿದರು. ಆಮೇಲೆ ಬಿಡಿಭಾಗಗಳನ್ನು ನೋಡುತ್ತ ಕುಳಿತೇಬಿಟ್ಟರು... ಒಂದು ಪಿನ್ನನ್ನು ನನ್ನೆಡೆಗೆ ಹಿಡಿದು ಕೇಳಿದರು: "ತಂಗೀ, ಇದು ಎಲ್ಲೀದು?"

ತಮಾಷೆ ಎಂದುಕೊಂಡು ನಕ್ಕೆ. ಆ ನಗುವಿಗೆ ಈಗಲೂ ನಾಚಿಕೆಯಾಗುತ್ತದೆ.

ಡಾಕ್ಟರು ಹೇಳಿದ್ದ ಮರೆವಿನ ಕಾಯಿಲೆಯ ಸಂಗತಿಯನ್ನು ಆಗ ನನಗೆ ಹೇಳಿದರು. ಅದನ್ನವರು ಹೆಂಡತಿಗೂ, ನಮ್ಮ ಆಂಟಿಗೂ, ತಿಳಿಸಿರಲಿಲ್ಲ. ಅಂದೇ ಎರಡನ್ನೂ ಗನ್ ಅಂಗಡಿಗೆ ಕೊಟ್ಟುಬರೋಣ, ನೀನೇ ಡ್ರೈವ್ ಮಾಡು ಎಂದರು. ಹಿಂದಿರುಗುವಾಗ ಕಿಟಕಿಯಾಚೆ ನೋಡುತ್ತ ಹೇಳಿದರು: "ನಾಳೆ ಇದನ್ನ ಮರತು ರೈಫಲ್ ಎಲ್ಲಿ ಅಂತ ನಾ ಕೇಳ್ತೀನಿ, ಜಗಳಾನೂ ಮಾಡ್ತೀನಿ. ನನ್ನ ಸಿಟ್ಟು ನಿಮ್ಮ ಆಂಟಿ ಮ್ಯಾಲೆ ಬೀಳಬಾರದು. ಅವನ್ನ ಒಯ್ದಾಕಿ ನೀನ ಅಂತ ಹೇಳಿಬಿಡು."

"ಆಯ್ತು ಅಂಕಲ್" ಎಂದೆ. ಎಷ್ಟು ಸಲೀಸಾಗಿ ಅಂದುಬಿಟ್ಟೆ...

ಚಳಿಗಾಲ ಮುಗಿಯುವಷ್ಟರಲ್ಲಿ ಕೇಳತೊಡಗಿದರು. ಒಯ್ದವಳು ನಾನೇ ಎಂದೆ. ಅಂದಿನಿಂದ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ಕೊನೆಯ ಸಲ ನೋಡಲು ಹೋದಾಗ ಆಂಟಿಗೆ ನನ್ನನ್ನು ತೋರಿಸಿ, "ಈಕಿ ಕಳ್ಳಿ ಅದಾಳ, ಒಳಗ ಬಿಡಬ್ಯಾಡ" ಎಂದರು. ಆಂಟಿ ತಲೆ ತಗ್ಗಿಸಿದರು.

ಅವರು ಹೋಗಿ ಎರಡು ವರ್ಷವಾಯಿತು. ನನ್ನ ಹೆಸರು ಮರೆತಿದ್ದರು, ಸಿಟ್ಟು ಮರೆತಿರಲಿಲ್ಲ. ಆಂಟಿಯ ಕೈತುತ್ತನ್ನು ಮಾತ್ರ ಕೊನೆಯ ದಿನದವರೆಗೂ ಬೇಡವೆನ್ನಲಿಲ್ಲ. ಅಷ್ಟು ಸಾಕು ಎಂದುಕೊಳ್ಳುತ್ತೇನೆ. ಸಾಕಾಗುವುದಿಲ್ಲ.