ಇಪ್ಪತ್ತೊಂದನೆಯ ದಿನ

ಮದುವೆಯಾಗಿ ನಾಲ್ಕು ವರ್ಷವಾದರೂ ನಮಗೆ ಮಕ್ಕಳಾಗಿರಲಿಲ್ಲ. ನಾನು ಚಿಂತಾಮಣಿ ಹತ್ತಿರದ ಕೆಂಚಾರ್ಲಹಳ್ಳಿಯಲ್ಲಿ ಟೀಚರ್; ಗಂಡನಿಗೆ ಗೌರಿಬಿದನೂರಿನ ಸರ್ಕಾರಿ ಕಚೇರಿಯಲ್ಲಿ ಕೆಲಸ. ಮುಟ್ಟಾದ ಹದಿನಾಲ್ಕನೆಯ ದಿನ ಅಂಡ ಬಿಡುಗಡೆಯಾಗುತ್ತದೆಂದು ಎಲ್ಲೋ ಓದಿದ್ದೆ. ಆ ದಿನ ಹತ್ತಿರವಾದಾಗ ಫೋನ್ ಮಾಡುತ್ತಿದ್ದೆ. ಅವರು ರಜೆ ಹಾಕಿ, ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಎರಡು ದಿನವಿದ್ದು ಹೋಗುತ್ತಿದ್ದರು. ಎರಡು ವರ್ಷ ಹೀಗೇ ನಡೆಯಿತು.

ಕೊನೆಗೆ ಇಬ್ಬರೂ ತೋರಿಸಲು ಹೋದಾಗ ಚಿಂತಾಮಣಿಯ ಡಾಕ್ಟರಮ್ಮ ನಾನು ಗುರುತು ಹಾಕಿದ್ದ ಕ್ಯಾಲೆಂಡರನ್ನು ತಿರುವಿ ನೋಡಿದರು.

“ನಿಂಗೆ ಮೂವತ್ತೈದು ದಿನಕ್ಕೆ ಮುಟ್ಟಾಗುತ್ತಲ್ಲಮ್ಮ. ಹದಿನಾಲ್ಕು ದಿನ ಎಣಿಸ್ಬೇಕಾಗಿದ್ದು ಮುಂದಿನ ಮುಟ್ಟಿಂದ ಹಿಂದಕ್ಕೆ. ಅಂದ್ರೆ ನಿಂಗೆ ಇಪ್ಪತ್ತೊಂದನೇ ದಿನದ ಆಸುಪಾಸು. ಅದಕ್ಕೆ ಮುಂಚಿನ ಐದು ದಿನಾನೂ ಸೇರಿಸ್ಕೋ. ಇದೂ ಅಂದಾಜೇ.”

ಹೊರಗೆ ಬೆಂಚಿನ ಮೇಲೆ ಕೂತಿದ್ದ ಗಂಡನಿಗೆ ಹೇಳಿದೆ.

“ಎರಡು ವರ್ಷಾನೂ ತಪ್ಪು ಲೆಕ್ಕಾನಾ?” ಎಂದರು.

“ಹೂಂ.”

“ಸರಿ, ಕಾಫಿ ಕುಡಿಯೋಣ ಬಾ.”

ಅಳು ಬರಬಹುದೆಂದುಕೊಂಡಿದ್ದೆ, ಬರಲಿಲ್ಲ. ಕಾಫಿ ಬಿಸಿಯಿತ್ತೋ ಇಲ್ಲವೋ, ಅದೂ ತಿಳಿಯಲಿಲ್ಲ.

ಮುಂದಿನ ತಿಂಗಳು ಸರಿಯಾದ ದಿನಗಳು ಬಂದವು. ನಾನು ಉತ್ತರಪತ್ರಿಕೆ ತಿದ್ದುತ್ತಾ ಕೂತೆ, ಫೋನ್ ಮಾಡಲಿಲ್ಲ. ಸಂಜೆ ಅವರೇ ಮಾಡಿದರು.

“ಈ ಸಲ ಯಾವತ್ತು ಬರ್ಲಿ?”

“ನಿಮಗೆ ಬರ್ಬೇಕು ಅನ್ನಿಸಿದಾಗ ಬನ್ನಿ.”

“ಹಾಗೆ ಬರ್ಲಾ ಅಂತ ನಾನೇ ಕೇಳ್ಬೇಕು ಅಂತಿದ್ದೆ ಕಣೇ,” ಎಂದರು.

ಮಗುವಾಗಲಿಲ್ಲ. ಆ ವರ್ಷದ ಕೊನೆಗೆ ಅವರು ಚಿಂತಾಮಣಿಗೆ ವರ್ಗ ಮಾಡಿಸಿಕೊಂಡು ಬಂದರು.