ಕೆಸರಿನಲ್ಲಿ ಉಳಿದ ಮೂಳೆ

ಅಪ್ಪನನ್ನು ಡೈನೋಸಾರ್ ಮೂಳೆ ತೋರಿಸಲು ಕರೆದುಕೊಂಡು ಹೋದದ್ದು ನಾನು ಮಾಡಿದ ತಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಅಪ್ಪ ಹಳೇಬೀಡಿನ ದೇವಸ್ಥಾನದಲ್ಲಿ ಗೈಡ್ ಆಗಿದ್ದವರು. ನಾನು ಅರಸೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ನನ್ನ ತಮ್ಮ ಕಾಲೇಜಿನಲ್ಲಿದ್ದಾಗ ಹೇಮಾವತಿಯ ಹಿನ್ನೀರಿಗೆ ಈಜಲು ಹೋದವನು ವಾಪಸು ಬರಲಿಲ್ಲ. ದಡದಲ್ಲಿ ಅಂಗಿ, ಪ್ಯಾಂಟು, ಚಪ್ಪಲಿ ಸಿಕ್ಕವು. ದೇಹ ಸಿಗಲಿಲ್ಲ. ಹಾಗೆ ಹೋದವರಿಗಾಗಿ ಹನ್ನೆರಡು ವರ್ಷ ಕಾದು, ಆಮೇಲೆ ದರ್ಭೆಯ ಬೊಂಬೆ ಮಾಡಿ, ಅದನ್ನೇ ಸುಟ್ಟು ಕರ್ಮ ಮುಗಿಸುವುದು ನಮ್ಮಲ್ಲಿ ಪದ್ಧತಿ. ಹನ್ನೆರಡು ತುಂಬಿತ್ತು. ಅಪ್ಪ ಬಹಳ ಸಂಕಟಪಟ್ಟು ಒಪ್ಪಿದ್ದರು, ಪುರೋಹಿತರು ದಿನವನ್ನೂ ಗೊತ್ತು ಮಾಡಿದ್ದರು. ಅದಕ್ಕೆ ಮುಂಚೆ ಒಮ್ಮೆ ಕಾಶಿಗೆ ಹೋಗಿಬರೋಣ ಎಂದು ಅಪ್ಪನೇ ಅಂದರು.

ಬರುವಾಗ ದಾರಿಯಲ್ಲಿ ಜಬಲ್ಪುರದಲ್ಲಿ ಇಳಿಸಿದವನು ನಾನು. ಊರಾಚೆಯ ಸರ್ಕಾರಿ ಗುಡ್ಡದಲ್ಲಿ ಡೈನೋಸಾರ್ ಮೂಳೆ ಅಗೆಯುತ್ತಿದ್ದಾರೆಂದು ಪೇಪರಿನಲ್ಲಿ ಓದಿದ್ದೆ. ಅಪ್ಪನ ಮನಸ್ಸಿಗೂ ಒಂದಿಷ್ಟು ಬದಲಾವಣೆ ಆಗಲಿ ಎಂಬುದು ನೆಪ. ಆಸೆಯೆಲ್ಲ ನನ್ನದೇ.

ಹಗ್ಗ ಕಟ್ಟಿ ಚೌಕ ಮಾಡಿದ ಗುಂಡಿಯಲ್ಲಿ, ಟೋಪಿ ಹಾಕಿಕೊಂಡ ವಿಜ್ಞಾನಿಯೊಬ್ಬಳು ಮಂಡಿಯೂರಿ ಬಣ್ಣ ಬಳಿಯುವ ಬ್ರಶ್ಶಿನಿಂದ ಮಣ್ಣು ಸರಿಸುತ್ತಿದ್ದಳು. ಕೆಳಗೆ ನಮ್ಮ ಮನೆಯ ಹೊಸ್ತಿಲಿನಷ್ಟು ಉದ್ದದ ಒಂದು ತೊಡೆಮೂಳೆ.

"ನಮ್ ಮಕರ ಕಣೋ ಇದು!" ಅಂದರು ಅಪ್ಪ. ದೇವಸ್ಥಾನದ ಗೋಡೆಯ ಸಾಲಿನಲ್ಲಿ ದಿನಾ ತೋರಿಸುತ್ತಿದ್ದ ಪ್ರಾಣಿ ಅದು. ಎಷ್ಟೋ ತಿಂಗಳ ಮೇಲೆ ಅವರು ನಕ್ಕಿದ್ದು ನೋಡಿ ನನಗೆ ಹಿಗ್ಗಾಯಿತು. ತಮ್ಮ ಗೈಡ್ ಹಿಂದಿಯಲ್ಲಿ, ಎಷ್ಟು ವರ್ಷದ್ದಮ್ಮ ಎಂದು ಆಕೆಯನ್ನು ಕೇಳಿದರು. ಆರೂವರೆ ಕೋಟಿ ಅಂದಳು. ದೇವಸ್ಥಾನ ಎಂಟುನೂರು ವರ್ಷದ್ದೆಂದು ಹೇಳಿ ಜನರನ್ನು ಬೆರಗುಗೊಳಿಸುತ್ತಿದ್ದ ಮನುಷ್ಯ ತಾವೇ ಬಾಯಿ ಬಿಟ್ಟುಕೊಂಡು ನಿಂತರು.

"ಅಷ್ಟು ವರ್ಷ ಆದ್ರೂ ಮೂಳೆ ಹಾಳಾಗಲ್ವೇನೋ?"

ಮೇಷ್ಟ್ರ ಬಾಯಿ, ಸುಮ್ಮನಿರಬೇಕಲ್ಲ. "ಕೆಸರು ಬೇಗ ಮುಚ್ಕೊಂಡ್ರೆ ಉಳ್ಕೊಳ್ಳುತ್ತೆ ಅಪ್ಪ," ಅಂದೆ. ಹಾಗೆ ಉಳಿಯುವುದು ಅಪರೂಪದಲ್ಲಿ ಅಪರೂಪ ಎಂದು ಸೇರಿಸಲಿಲ್ಲ.

"ಹಿನ್ನೀರಲ್ಲಿರೋದೂ ಕೆಸರೇ," ಅಂದರು ಅಪ್ಪ.

ಅಲ್ಲಿಂದ ಮತ್ತೆ ರೈಲು ಹತ್ತಿದೆವು. ಅರಸೀಕೆರೆ ಬರುವ ಹೊತ್ತಿಗೆ ಅವರ ತೀರ್ಮಾನ ಆಗಿಹೋಗಿತ್ತು. "ಪುರೋಹಿತರಿಗೆ ಬೇಡ ಅಂತ ಹೇಳ್ಬಿಡು. ಮೂಳೆ ಇರೋವಾಗ ಹುಲ್ಲು ಯಾಕೆ ಸುಡ್ಬೇಕು?"

ಅಲ್ಲಿಂದ ಮುಂದೆ ಪ್ರತಿ ಬೇಸಿಗೆ ನೀರು ಇಳಿದ ಕೂಡಲೇ ಅಪ್ಪ ಒಂದು ಬ್ರಶ್ಶು, ಒಂದು ಚೀಲ ಹಿಡಿದು ಬಸ್ಸು ಹತ್ತುತ್ತಿದ್ದರು. ಬಿರುಕು ಬಿಟ್ಟ ಕೆಸರಿನ ಮೇಲೆ ಬಿಸಿಲಲ್ಲಿ ಕೂತು ಕೆರೆಯುತ್ತಿದ್ದರು. ಸಿಕ್ಕಿದ್ದನ್ನೆಲ್ಲ ತೊಳೆದು, ಬಿಳಿ ಪಂಚೆಯ ಚೂರಿನಲ್ಲಿ ಸುತ್ತಿ ತಂದು ನನ್ನ ಮುಂದೆ ಬಿಚ್ಚುತ್ತಿದ್ದರು. "ನೋಡೋ, ನೀನು ಓದಿದೋನು."

ಕುರಿ ಅಪ್ಪ, ಅನ್ನುತ್ತಿದ್ದೆ. ಎಮ್ಮೆ ಅಪ್ಪ. ಪ್ರತಿ ಸಲವೂ ಅವರು ಆ ಗಂಟನ್ನು ಮತ್ತೆ ಜೋಪಾನವಾಗಿ ಕಟ್ಟುತ್ತಿದ್ದರು. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಐದನೇ ಬೇಸಿಗೆಯಲ್ಲಿ ಅವರಿಗೆ ಮೆಟ್ಟಿಲು ಹತ್ತಲೂ ಆಗುತ್ತಿರಲಿಲ್ಲ. ಆದರೂ ಹೋಗಿ ಒಂದು ಕಾಲಿನ ಮೂಳೆ ತಂದರು. ನೋಡಿದ ತಕ್ಷಣ ಗೊತ್ತಾಯಿತು, ಕರುವಿನದು. ಇನ್ನು ನನ್ನ ಕೈಲಿ ಆಗಲಿಲ್ಲ. "ಹೌದಪ್ಪ, ಅವನದೇ," ಅಂದೆ.

ಅಪ್ಪ ನನ್ನ ಮುಖವನ್ನೇ ನೋಡಿದರು.

"ನಲವತ್ತು ವರ್ಷ ಜನಕ್ಕೆ ಕಥೆ ಹೇಳಿದೋನು ಕಣೋ ನಾನು. ನಂಗೇ ಹೇಳ್ತೀಯಾ?"

ಮತ್ತೆ ಅವರು ಹಿನ್ನೀರಿನ ಕಡೆ ಹೋಗಲಿಲ್ಲ. ದರ್ಭೆಯ ಮಾತನ್ನೂ ಎತ್ತಲಿಲ್ಲ. ಮುಂದಿನ ಯುಗಾದಿಗೆ ಮುಂಚೆ ತೀರಿಕೊಂಡರು.

ತಮ್ಮನ ಕರ್ಮ ಈಗ ನನ್ನ ಪಾಲಿಗೆ ಉಳಿದಿದೆ. ಪುರೋಹಿತರು ಎದುರು ಸಿಕ್ಕಾಗಲೆಲ್ಲ ಯಾವಾಗ ಇಟ್ಟುಕೊಳ್ಳೋಣ ಎಂದು ಕೇಳುತ್ತಾರೆ. ಈ ಸಲ ನೀರು ಇಳಿಯಲಿ, ಒಂದು ಸಾರಿ ನೋಡಿ ಬಂದು ಹೇಳ್ತೀನಿ ಅನ್ನುತ್ತೇನೆ.