ಬಲಗಡೆ ಕೂತವಳ ಪ್ರಶ್ನೆ

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಹೊರಟಿದ್ದ ಎಸ್.ಟಿ. ಬಸ್ಸು ವಳಸಂಗದ ಹತ್ತಿರ ಎದುರಿನ ಲಾರಿಗೆ ದಾರಿ ಬಿಡಲು ಹೋಗಿ ಎಡಕ್ಕೆ ವಾಲಿ ನಿಂತಿತು. ಎಡಬದಿಯ ಗಾಲಿಗಳ ಕೆಳಗೆ ನೆಲವಿರಲಿಲ್ಲ, ಹಳ್ಳವಿತ್ತು. ಕಂಡಕ್ಟರ್ ಹಿಂದಿನ ತುರ್ತು ಬಾಗಿಲು ತೆರೆದು ಎಡಬದಿಯವರನ್ನು ಒಬ್ಬೊಬ್ಬರಾಗಿ ಇಳಿಸತೊಡಗಿದ.

"ಬಲಗಡಿಯವ್ರು ಹಂಗ ಕುಂದರ್ರಿ! ನಿಮ್ಮ ವಜನಕ್ಕನ ಬಸ್ ನಿಂತದ!"

ನಾನು ಬಲಗಡೆ ಕೂತಿದ್ದೆ. ಪಕ್ಕದ ಮುದುಕಿ ನನ್ನ ಕೈ ಹಿಡಿದು, "ದಪ್ಪ ಅದೀನಂತ ಸೊಸಿ ದಿನಾ ಆಡಿಕೋತಾಳ. ಇವತ್ತರ ಉಪಯೋಗಕ್ಕ ಬಂದೆ ನೋಡವ್ವಾ," ಎಂದಳು. ನನಗೆ ನಗು ಬರಲಿಲ್ಲ. ಬಸ್ಸಿನ ತಗಡು ಕಿರುಗುಟ್ಟಿದಾಗಲೆಲ್ಲ ಇನ್ನೊಂದು ಕೈಯಿಂದ ಮುಂದಿನ ಸೀಟಿನ ಸರಳು ಹಿಡಿಯುತ್ತಿದ್ದೆ. ಕೊನೆಗೆ ಎಲ್ಲರೂ ಇಳಿದೆವು. ಯಾರಿಗೂ ಏನೂ ಆಗಲಿಲ್ಲ. ಆ ಕಿರುಗುಟ್ಟುವಿಕೆ ಮಾತ್ರ ಇಂದಿಗೂ ನನ್ನ ಕಿವಿಯಿಂದ ಇಳಿದಿಲ್ಲ.

ಮನೆಯಲ್ಲಿ ಹೇಳುವಂತಿರಲಿಲ್ಲ. ಬಿ.ಎಸ್ಸಿ. ಮುಗಿಸಿದ ಮಗಳು ಎಂ.ಎಸ್ಸಿ. ಗಣಿತದ ಪ್ರವೇಶ ಪರೀಕ್ಷೆಯ ತರಬೇತಿಗೆಂದು ದಿನಾ ಸೊಲ್ಲಾಪುರಕ್ಕೆ ಓಡಾಡುವುದು ಅಪ್ಪನಿಗೆ ಮೊದಲೇ ಇಷ್ಟವಿರಲಿಲ್ಲ. ಇದು ಗೊತ್ತಾದರೆ ನನ್ನ ಓದು ಅಲ್ಲಿಗೇ ಮುಗಿಯುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ಸೊಲ್ಲಾಪುರಕ್ಕೆ ಸೈಬರ್ ಕೆಫೆ ಆಗಷ್ಟೇ ಬಂದಿತ್ತು. ಅದೇ ಪರೀಕ್ಷೆಗೆ ಓದುತ್ತಿದ್ದ ನಾನಾ ಊರುಗಳವರ ಒಂದು ಇಮೇಲ್ ಗುಂಪಿನಲ್ಲಿ ನಾನೂ ಇದ್ದೆ. ಅಲ್ಲಿ ಗಣಿತ ಬಿಟ್ಟು ಬೇರೆ ಮಾತಾಡುವಂತಿರಲಿಲ್ಲ. ಆ ನಿಯಮ ಕಾಯುವುದರಲ್ಲಿ ನಾನೇ ಮುಂದು. ಒಮ್ಮೆ ದೂರದ ಹಾಸ್ಟೆಲಿನಲ್ಲಿದ್ದ ಒಬ್ಬಾಕೆ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಕಡೆಯ ಕನ್ನಡ ಬರೆದಿದ್ದಳು: "ಸೊಲ್ಲಾಪುರದಿಂದ ಈ ಕಡೆ ಯಾರರ ಬರಾವ್ರದೀರೇನು? ಶೇಂಗಾ ಹಿಂಡಿ ತಿಂದು ವರ್ಷಾತು." ಚಟ್ನಿಪುಡಿ ಕೇಳಲು ಇದು ಕಿರಾಣಿ ಅಂಗಡಿಯಲ್ಲ ಎಂದು ನಾನು ಎಲ್ಲರೆದುರು ಇಂಗ್ಲಿಷಿನಲ್ಲಿ ಗದರಿಸಿದ್ದೆ. "ತಪ್ಪಾತ್ರಿ ಬಾಯಾರ, ಬೆಂಚಿನ ಮ್ಯಾಲ ನಿಂದರತೀನಿ," ಎಂದು ಶಾಲೆಯ ಟೀಚರಿಗೆ ಹೇಳುವಂತೆ ಉತ್ತರ ಬಂದಿತ್ತು.

ಬಸ್ಸು ವಾಲಿದ ದಿನ ಅದೇ ಗುಂಪಿಗೆ ನಾನು ಬರೆದೆ. ನೇರವಾಗಿ ಬರೆಯುವ ಧೈರ್ಯವಿರಲಿಲ್ಲ. 'ಸಂಭವನೀಯತೆ' ಎಂದು ತಲೆಬರಹ ಕೊಟ್ಟೆ. ಬಸ್ಸಿನಲ್ಲಿ ನಲವತ್ತು ಜನ. ಎಡಬದಿಯವರು ಇಳಿಯುತ್ತಿದ್ದಾರೆ. ಬಲಗಡೆ ಕೂತವಳ ಸರದಿ ಬರುವ ತನಕ ಬಸ್ಸು ಉರುಳದಿರುವ ಸಂಭವ ಎಷ್ಟು?

ಮರುದಿನ ಅಂಜುತ್ತಲೇ ಬಸ್ಸು ಹತ್ತಿ ಹೋಗಿ ನೋಡಿದರೆ ಒಬ್ಬ ಅರ್ಧ ಎಂದಿದ್ದ, ಇನ್ನೊಬ್ಬ ಮಾಹಿತಿ ಸಾಲದು ಎಂದಿದ್ದ. ಗುಂಪು ನಡೆಸುವಾತ, ಇದು ಭೌತಶಾಸ್ತ್ರ, ಇಲ್ಲಿ ಬೇಡ ಎಂದು ಮುಚ್ಚಿಹಾಕಿದ್ದ. ಶೇಂಗಾ ಹಿಂಡಿ ಕೇಳಿದ್ದ ಅವಳೊಬ್ಬಳು ಮಾತ್ರ ನನಗಷ್ಟೇ ಬೇರೆಯಾಗಿ ಬರೆದಿದ್ದಳು.

"ಬಾಯಾರ, ಆ ಬಸ್ಸಿನ್ಯಾಗ ನೀವಿದ್ರೇನು?"

"ಇಲ್ಲ, ಅದು ಬರೀ ಲೆಕ್ಕ," ಎಂದು ಬರೆದೆ. ಕೂತಿರುವಾಗಲೇ ಉತ್ತರ ಬಂತು.

"ಆತು. ಆದ್ರ ಬಲಗಡಿ ಕುಂತಾಕಿಗೆ ಹೇಳ್ರಿ, ಎರಡು ದಿನ ತಡಾ ಆದ್ರೂ ನಡೀತದ. ಉಂಡು ಬಸ್ ಹತ್ತಂತ ಹೇಳ್ರಿ. ಅಂಜಿಕಿ ಬಂದ್ರ ಬಾಜೂದಾಕಿ ಕೂಡ ಮಾತಾಡಕೋತ ಹೋಗಂತ ಹೇಳ್ರಿ."

ಕೆಫೆಯವನಿಗೆ ಕಾಣದಂತೆ ಮುಖವನ್ನು ಕಂಪ್ಯೂಟರಿನ ಮರೆಗೆ ಬಗ್ಗಿಸಿಕೊಂಡು ಅತ್ತೆ. ತಲೆನೋವೆಂದು ಎರಡು ದಿನ ಮನೆಯಲ್ಲೇ ಉಳಿದೆ. ಮೂರನೆಯ ದಿನ ಉಂಡು ಬಸ್ಸು ಹತ್ತಿ, ಪಕ್ಕದ ಹೆಂಗಸಿನ ಜೊತೆ ಸೊಲ್ಲಾಪುರದವರೆಗೂ ಉಳ್ಳಾಗಡ್ಡಿ ಬೆಳೆ ಕೊಳೆತದ್ದರ ಬಗ್ಗೆ ಮಾತಾಡಿದೆ.

ಪರೀಕ್ಷೆ ಮುಗಿಯಿತು, ನನಗೆ ಸೀಟೂ ಸಿಕ್ಕಿತು. ಆಗ ಕೂತು, ಆ ಬಸ್ಸಿನಲ್ಲಿ ನಾನೇ ಇದ್ದೆ ಎಂದು ಅವಳಿಗೆ ಉದ್ದಕ್ಕೆ ಬರೆದೆ. ವಿಳಾಸ ಚಾಲ್ತಿಯಲ್ಲಿಲ್ಲವೆಂದು ಅದು ಹಿಂದಿರುಗಿತು. ಗುಂಪೂ ಅಷ್ಟರಲ್ಲಿ ಚದುರಿತ್ತು. ಅವಳನ್ನು ಹುಡುಕಲು ನನ್ನ ಹತ್ತಿರ ಇದ್ದದ್ದು ಎರಡು ಅಕ್ಷರ, ಒಂದು ಅಂಕಿಯ ಆ ವಿಳಾಸ ಮಾತ್ರ. ಯಾವ ಊರಿನವಳು, ಯಾರ ಮನೆಯವಳು, ಏನು ಹೆಸರು, ಒಂದು ದಿನವೂ ಕೇಳಿರಲಿಲ್ಲ.